ಲೂಗರ್ ಪಿ.08 ಸಂಗ್ರಹ: ಮೊದಲು ಕೊಳ್ಳಬೇಕಾದ ಕೈಪಿಡಿ ಯಾವುದು?

ಪ್ರಶ್ನೆ: ತುಂಗಾತೀರ_ಓಹಾಯೋ

ಎಲ್ಲರಿಗೂ ನಮಸ್ಕಾರ.

ನಾನು ತೀರ್ಥಹಳ್ಳಿಯ ಕಡೆಯವನು, ಬಹಳ ವರ್ಷಗಳಿಂದ ಅಮೆರಿಕದ ಓಹಾಯೋ ರಾಜ್ಯದಲ್ಲಿ ನೆಲೆಸಿದ್ದೇನೆ. ಗ್ರೀನ್ ಕಾರ್ಡ್ ದೊರೆತ ಮೇಲೆ, ಐವತ್ತು ವರ್ಷ ದಾಟಿದ ಕೋವಿ-ಪಿಸ್ತೂಲುಗಳನ್ನು ಸಂಗ್ರಹಿಸುವವರಿಗೆಂದು ಇಲ್ಲಿನ ಕೇಂದ್ರ ಸರ್ಕಾರ ಕೊಡುವ ‘ಕ್ಯೂರಿಯೋ ಅಂಡ್ ರೆಲಿಕ್’ ಪರವಾನಗಿಯನ್ನು, ಮೂರು ವರ್ಷಕ್ಕೆ 30 ಡಾಲರ್ ಶುಲ್ಕ ಕಟ್ಟಿ ಪಡೆದುಕೊಂಡೆ. ಚಿಕ್ಕಂದಿನಿಂದಲೂ ಇತಿಹಾಸದ ಪುಸ್ತಕಗಳಲ್ಲಿ ನೋಡಿ ಬೆರಗಾಗಿದ್ದ ಜರ್ಮನ್ ಲೂಗರ್ ಪಿಸ್ತೂಲನ್ನು ಎರಡು ತಿಂಗಳ ಹಿಂದೆ ಒಂದು ಗನ್ ಶೋದಲ್ಲಿ ಕೊಂಡೆ.

ಪಿಸ್ತೂಲಿನ ವಿವರ ಹೀಗಿದೆ. ಮೇಲಿನ ಮಡಚುವ ಟಾಗಲ್ ಮೇಲೆ ‘ಎಸ್/42’ ಎಂಬ ಅಚ್ಚು ಇದೆ, ಗುಂಡು ಕೂರುವ ಚೇಂಬರಿನ ಮೇಲೆ 1936 ಎಂದಿದೆ. ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿಗಳು 47, ಹೊರಗೆ ಕಾಣುವ ಸಣ್ಣ ಭಾಗಗಳ ಮೇಲೆಲ್ಲ ಅದೇ 47 ಇದೆ. ನಳಿಗೆಯ ಕೆಳಭಾಗದಲ್ಲಿ ಕ್ರಮಸಂಖ್ಯೆಯ ಜೊತೆಗೆ ‘8,83’ ಎಂಬ ಇನ್ನೊಂದು ಸಂಖ್ಯೆ ಇದ್ದು, ಅದೇನೆಂದು ನನಗೆ ಅರ್ಥವಾಗಿಲ್ಲ. ಮ್ಯಾಗಜೀನಿನ ತಳದ ಸಂಖ್ಯೆ ಮಾತ್ರ ಬೇರೆ. ಮಾರಿದವರು ‘ಆಲ್ ಮ್ಯಾಚಿಂಗ್’, ಅಂದರೆ ಎಲ್ಲ ಭಾಗಗಳ ಸಂಖ್ಯೆಯೂ ಒಂದೇ, ಎಂದರು, 1945ರಲ್ಲಿ ಒಬ್ಬ ಅಮೆರಿಕನ್ ಸೈನಿಕ ಮನೆಗೆ ತಂದದ್ದು ಎಂಬ ಕಥೆಯನ್ನೂ ಹೇಳಿದರು, ಮತ್ತು ಆ ಕಥೆಗೆ ತಕ್ಕ ಬೆಲೆಯನ್ನೇ ತೆಗೆದುಕೊಂಡರು. ಇಡೀ ಪಿಸ್ತೂಲು, ಟ್ರಿಗರ್ ಮತ್ತು ಸೇಫ್ಟಿ ಲಿವರ್ ಸಹಿತ, ಒಂದೇ ಸಮನೆ ಕಪ್ಪಗೆ ಹೊಳೆಯುತ್ತದೆ. ಆ ಹೊಳಪನ್ನು ನೋಡಿಯೇ ನಾನು ಮನಸೋತದ್ದು.

ಕೊಳ್ಳುವ ಮುನ್ನ ನನ್ನ ಕೈಯಲ್ಲಿದ್ದ ಏಕೈಕ ಪುಸ್ತಕ, ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುವ ಒಂದು ಬೆಲೆಪಟ್ಟಿ. ಅದರಲ್ಲಿ ಮೂಲ ಮೆರುಗು ಶೇಕಡಾ ಎಷ್ಟು ಉಳಿದಿದೆ ಎಂಬುದರ ಮೇಲೆ ಬೆಲೆ ಕಟ್ಟಿರುತ್ತಾರೆ. ನನ್ನದು ಶೇಕಡಾ 95ಕ್ಕೂ ಮೇಲೆ ಎಂದು ನಾನೇ ತೀರ್ಮಾನಿಸಿಕೊಂಡೆ. ಈಗ ಸಂಶಯ ಕಾಡುತ್ತಿದೆ. ಇನ್ನು ಮುಂದಾದರೂ ಓದಿಕೊಂಡು ಮುಂದುವರಿಯೋಣವೆಂದು ಹುಡುಕಿದರೆ ಲೂಗರ್ ಒಂದರ ಮೇಲೆಯೇ ಒಂದು ಕಪಾಟು ತುಂಬುವಷ್ಟು ಪುಸ್ತಕಗಳಿವೆ, ಕೆಲವಂತೂ ಮುದ್ರಣ ನಿಂತುಹೋಗಿ ಹಳೆಯ ಪ್ರತಿಗೇ ನೂರಾರು ಡಾಲರ್ ಕೇಳುತ್ತಿದ್ದಾರೆ. ಎಲ್ಲವನ್ನೂ ಕೊಳ್ಳುವ ಶಕ್ತಿ ನನಗಿಲ್ಲ. ಬಗೆಗಳನ್ನು ವಿವರಿಸುವ ಪುಸ್ತಕ ಮೊದಲೋ, ಮುದ್ರೆಗಳ ಪುಸ್ತಕ ಮೊದಲೋ, ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಹಳೆಯ_ಉಕ್ಕು

ನಮಸ್ಕಾರ ಸರ್. ನಾನು ಪೆನ್ಸಿಲ್ವೇನಿಯಾದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ಹುಚ್ಚನ್ನು ಸಾಕಿಕೊಂಡು ಬಂದವನು, ನಿಮ್ಮಂತೆಯೇ ಮೊದಲ ಪಿಸ್ತೂಲಿನಲ್ಲಿ ಕೈಸುಟ್ಟುಕೊಂಡವನು; ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಮೊದಲು ಸುಲಭದ ಸಂಗತಿ. ‘8,83’ ಎಂಬುದು ಸಂಖ್ಯೆಯಲ್ಲ, ಅಳತೆ. ನಳಿಗೆಯ ಒಳವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು ಅಲ್ಲೇ ಅಚ್ಚೊತ್ತುತ್ತಿದ್ದರು, ಜರ್ಮನರು ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕುವುದರಿಂದ ಅದು ನಮಗೆ ವಿಚಿತ್ರವಾಗಿ ಕಾಣುತ್ತದೆ. ‘ಎಸ್/42’ ಎಂದರೆ ಒಬೆರ್ನ್‌ಡಾರ್ಫಿನ ಮೌಸರ್ ಕಾರ್ಖಾನೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಶಸ್ತ್ರಗಳಿಗೆ ಮಿತಿ ಹಾಕಿದ್ದ ವರ್ಸೈಲ್ಸ್ ಒಪ್ಪಂದದ ಕಣ್ಣು ತಪ್ಪಿಸಲು 1934ಕ್ಕೆ ‘ಕೆ’ ಎಂದೂ 1935ಕ್ಕೆ ‘ಜಿ’ ಎಂದೂ ಗುಪ್ತಾಕ್ಷರ ಹಾಕುತ್ತಿದ್ದವರು, 1936ರಿಂದ ಇಸವಿಯನ್ನೇ ರಾಜಾರೋಷವಾಗಿ ಒತ್ತತೊಡಗಿದರು. ಮುಂದೆ ‘ಎಸ್/42’ ಹೋಗಿ ಬರಿಯ ‘42’ ಬಂತು, 1941ರಲ್ಲಿ ‘ಬಿವೈಎಫ್’ ಬಂತು, 1942ಕ್ಕೆ ಸೇನೆಗಾಗಿ ಈ ಪಿಸ್ತೂಲು ತಯಾರಿಸುವುದೇ ನಿಂತಿತು.

ಈಗ ಕಷ್ಟದ ಸಂಗತಿ. ನೀವು ಮನಸೋತೆ ಎಂದ ಆ ಕಪ್ಪು ಹೊಳಪೇ ನನಗೆ ಚಿಂತೆ ಹುಟ್ಟಿಸುತ್ತಿದೆ. 1936ರ ಮೌಸರ್ ಪಿ.08ರಲ್ಲಿ ಟ್ರಿಗರ್, ಸೇಫ್ಟಿ ಲಿವರ್, ಬಿಚ್ಚುವ ಲಿವರ್, ಮ್ಯಾಗಜೀನ್ ಬಿಡಿಸುವ ಗುಂಡಿ ಇವು ಕಪ್ಪಗಿರುವುದಿಲ್ಲ. ಅವುಗಳನ್ನು ಹದವಾಗಿ ಕಾಯಿಸಿ ಒಂದು ಹೊಂಬಣ್ಣ ಬರಿಸುತ್ತಿದ್ದರು. ಇಲ್ಲಿನವರು ಅದಕ್ಕೆ ‘ಸ್ಟ್ರಾ’ ಅಂದರೆ ಒಣಹುಲ್ಲಿನ ಬಣ್ಣ ಎನ್ನುತ್ತಾರೆ, ನನ್ನ ಕಣ್ಣಿಗೆ ಅದು ನಮ್ಮ ಆಲೆಮನೆಯಲ್ಲಿ ಆಗಷ್ಟೇ ಅಚ್ಚಿನಿಂದ ಬಿಡಿಸಿದ ತಿಳಿಬೆಲ್ಲದ ಬಣ್ಣ. ಫ್ರೇಮು ಮತ್ತು ನಳಿಗೆಗೆ ಆಗ ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ, ಪದರ ಪದರವಾಗಿ ನೀಲಿಗಪ್ಪು ಬರಿಸುವ ಹಳೆಯ ಪದ್ಧತಿಯಿತ್ತು. 1937ರಲ್ಲಿ ಮೌಸರಿನವರು ಬಿಸಿ ಲವಣದ ತೊಟ್ಟಿಯಲ್ಲಿ ಅದ್ದುವ ಪದ್ಧತಿಗೆ ಬದಲಾದರು, ಅದರೊಂದಿಗೆ ಹೊಂಬಣ್ಣದ ಭಾಗಗಳೂ ಕಪ್ಪಾದವು. ಹೀಗಿರುವಾಗ 1936ರ ಪಿಸ್ತೂಲು ಅಡಿಯಿಂದ ಮುಡಿಯವರೆಗೆ ಕಪ್ಪಗಿದ್ದರೆ, ಅದು ಮುಂದೆಂದೋ ಒಮ್ಮೆ ತೊಟ್ಟಿಯಲ್ಲಿ ಮುಳುಗಿ ಎದ್ದಿದೆ ಎಂದೇ ಅರ್ಥ. ಮೂಲ ಮೆರುಗು ಶೇಕಡಾ 95 ಅಲ್ಲ, ಸೊನ್ನೆ.

ಇದು ನಿಮ್ಮ ಪುಸ್ತಕದ ಪ್ರಶ್ನೆಗೂ ಉತ್ತರ. ಬೆಲೆಪಟ್ಟಿಯ ಪುಸ್ತಕ ಸುಳ್ಳು ಹೇಳಲಿಲ್ಲ, ಆದರೆ ‘ಮೂಲ’ ಎಂಬ ಮಾತಿಗೆ ಅರ್ಥವೇನೆಂದು ನಿಮಗೆ ಮೊದಲೇ ತಿಳಿದಿದೆ ಎಂದು ಅದು ಭಾವಿಸಿಕೊಂಡಿತ್ತು. ಆದ್ದರಿಂದ ಬೆಲೆಪಟ್ಟಿಯನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಚಾರ್ಲ್ಸ್ ಕೆನ್ಯನ್ ಅವರ ‘ಲೂಗರ್ಸ್ ಅಟ್ ರ‍್ಯಾಂಡಮ್’ 1969ರಲ್ಲಿ ಬಂದದ್ದು. ಬಗೆ ಬಗೆಯ ಲೂಗರುಗಳ ಚಿತ್ರಗಳನ್ನು ಸಾಲಾಗಿ ಕೊಟ್ಟು ಕಣ್ಣನ್ನು ಪಳಗಿಸುವ ಪುಸ್ತಕ ಅದು. ನಾನು ಹಳೆಯ ಪ್ರತಿ ಕೊಂಡು ಎರಡು ಚಳಿಗಾಲ ಪುಟ ತಿರುವಿದ್ದೆ. ಮಧ್ಯದ ಪುಟಗಳು ಈಗ ಹೊಲಿಗೆ ಬಿಟ್ಟಿವೆ. ಆದರೆ ಹಳೆಯ ಚಿತ್ರಗಳು ಕಪ್ಪು-ಬಿಳುಪಿನವು. ಹೊಂಬಣ್ಣ ಎಂದರೇನು ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಲು ಸಾಧ್ಯವಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೀಮಿತರಾದವರಿಗೆ ಯಾನ್ ಸಿ. ಸ್ಟಿಲ್ ಅವರ ‘ಆಕ್ಸಿಸ್ ಪಿಸ್ಟಲ್ಸ್’ ಹೆಚ್ಚು ಉಪಯುಕ್ತ, ಏಕೆಂದರೆ ಅದು ಲೂಗರಿನ ಜೊತೆಗೆ ಪಿ.38ರಂಥ ಇತರ ಪಿಸ್ತೂಲುಗಳನ್ನೂ, ಅವುಗಳ ಚರ್ಮದ ಹೋಲ್‌ಸ್ಟರುಗಳನ್ನೂ ಒಂದೇ ಕಡೆ ಇಟ್ಟು ನೋಡುತ್ತದೆ. ನಿಮ್ಮ ಪಿಸ್ತೂಲು 1936ರದು, ನಿಮ್ಮ ಆಸಕ್ತಿಯೂ ಅದೇ ಕಾಲದ್ದಾದರೆ ಮೊದಲು ಅದನ್ನೇ ಹುಡುಕಿ.

ಇವುಗಳನ್ನು ಓದುವ ಕ್ರಮವೊಂದಿದೆ, ಅದನ್ನು ಯಾರೂ ಮುನ್ನುಡಿಯಲ್ಲಿ ಒತ್ತಿ ಹೇಳುವುದಿಲ್ಲ. ಮೌಸರ್ ಕಾರ್ಖಾನೆಯಿರುವ ಒಬೆರ್ನ್‌ಡಾರ್ಫ್ 1945ರ ಏಪ್ರಿಲಿನಲ್ಲಿ ಫ್ರೆಂಚ್ ಸೇನೆಯ ವಶವಾಯಿತು, ಕಾರ್ಖಾನೆಯ ದಾಖಲೆಗಳು ನಾಶವಾದವು. ಅಮೆರಿಕದ ಕೋಲ್ಟ್ ಪಿಸ್ತೂಲು ಸಂಗ್ರಹಿಸುವವರು ಕಂಪನಿಗೆ ಶುಲ್ಕ ಕಟ್ಟಿ, ತಮ್ಮ ಕ್ರಮಸಂಖ್ಯೆಯ ಪಿಸ್ತೂಲು ಯಾವ ದಿನ ಎಲ್ಲಿಗೆ ರವಾನೆಯಾಯಿತು ಎಂಬ ಪತ್ರ ತರಿಸಿಕೊಳ್ಳಬಹುದು. ಲೂಗರಿನವರಿಗೆ ಆ ಭಾಗ್ಯವಿಲ್ಲ. ಹಾಗಾಗಿ ಕೈಪಿಡಿಯಲ್ಲಿ ‘ಈ ಸಂಖ್ಯೆಯಿಂದ ಈ ಸಂಖ್ಯೆಯವರೆಗೆ’ ಎಂದು ಬರೆದಿದ್ದರೆ, ಅದು ಬಹುಮಟ್ಟಿಗೆ ಲೇಖಕರು ಮತ್ತು ಅವರಿಗೆ ವರದಿ ಕಳಿಸಿದ ಸಂಗ್ರಾಹಕರು ಕಣ್ಣಾರೆ ಕಂಡ ಪಿಸ್ತೂಲುಗಳ ಪಟ್ಟಿಯೇ ಹೊರತು ಕಾರ್ಖಾನೆಯ ಲೆಕ್ಕಪುಸ್ತಕವಲ್ಲ. ಪಟ್ಟಿಯ ಆಚೆಯ ಸಂಖ್ಯೆ ಸಿಕ್ಕ ಮಾತ್ರಕ್ಕೆ ಪಿಸ್ತೂಲು ನಕಲಿಯಾಗುವುದಿಲ್ಲ, ಪಟ್ಟಿಯೊಳಗೆ ಬಂದ ಮಾತ್ರಕ್ಕೆ ಅಸಲಿಯೂ ಆಗುವುದಿಲ್ಲ. ನಕಲಿ ಮಾಡುವವನ ಮೇಜಿನ ಮೇಲೂ ಅದೇ ಪುಸ್ತಕ ಅದೇ ಪುಟಕ್ಕೆ ತೆರೆದಿರುತ್ತದೆ.

ಕ್ರಮಸಂಖ್ಯೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಸೇನೆಯ ಲೂಗರುಗಳಿಗೆ ಪ್ರತಿ ವರ್ಷ 1ರಿಂದ 10,000ದವರೆಗೆ ಎಣಿಸಿ, ಅದು ಮುಗಿದ ಮೇಲೆ ಮತ್ತೆ 1ರಿಂದ ಶುರುಮಾಡಿ ‘ಎ’ ಎಂಬ ಸಣ್ಣಕ್ಷರ ಸೇರಿಸುತ್ತಿದ್ದರು, ನಂತರ ‘ಬಿ’, ಹೀಗೆ. ಹೊಸ ವರ್ಷ ಬಂದರೆ ಎಲ್ಲವೂ ಮೊದಲಿನಿಂದ. ಆದ್ದರಿಂದ ನಾಲ್ಕಂಕಿಯೊಂದನ್ನೇ ಹಿಡಿದು ಪುಸ್ತಕದಲ್ಲಿ ಹುಡುಕಿದರೆ ಪ್ರಯೋಜನವಿಲ್ಲ. ತಯಾರಕ, ಇಸವಿ, ಅಕ್ಷರ, ಸಂಖ್ಯೆ ನಾಲ್ಕೂ ಸೇರಿದರೆ ಮಾತ್ರ ಒಂದು ಪಿಸ್ತೂಲಿನ ಹೆಸರಾಗುತ್ತದೆ.

ದಯವಿಟ್ಟು ಗ್ರಿಪ್ಪಿನ ಮರದ ಹಲಗೆಗಳನ್ನು ಬಿಚ್ಚಿ ಒಳಭಾಗ ನೋಡಿ. ತುಕ್ಕಿನ ಪದ್ಧತಿಯಲ್ಲಿ ಆ ಒಳಭಾಗಗಳಲ್ಲಿ ಬಿಳಿಯ ಉಕ್ಕು ಬರಿದಾಗಿ ಉಳಿದಿರುತ್ತದೆ, ತೊಟ್ಟಿಯಲ್ಲಿ ಅದ್ದಿದ್ದರೆ ಮೂಲೆಮೂಲೆಯೂ ಕಪ್ಪಾಗಿರುತ್ತದೆ. ಗುಂಡಿನ ಹಿಂಬದಿಗೆ ಬಡಿಯುವ ಫೈರಿಂಗ್ ಪಿನ್ನನ್ನೂ ಹೊರತೆಗೆದು ಅದರ ಸಂಖ್ಯೆ ನೋಡಿ. ಬಿಚ್ಚುವ ಮುನ್ನ ಚೇಂಬರ್ ಖಾಲಿಯಿದೆಯೇ ಎಂದು ಎರಡು ಬಾರಿ ಖಚಿತಪಡಿಸಿಕೊಳ್ಳಿ. ಖಾಲಿ ತೋಟಾವನ್ನು ಎಳೆದು ತೆಗೆಯುವ ಮೇಲಿನ ಎಕ್ಸ್‌ಟ್ರಾಕ್ಟರ್ ಎದ್ದು ನಿಂತು ಅದರ ಪಕ್ಕದಲ್ಲಿ ‘ಗೆಲಾಡೆನ್’ ಎಂಬ ಜರ್ಮನ್ ಪದ ಕಂಡರೆ ಒಳಗೆ ಗುಂಡಿದೆ ಎಂದರ್ಥ. ಆ ಸೂಚಕವನ್ನೊಂದೇ ನಂಬದೆ ಕಣ್ಣಿನಿಂದಲೂ ನೋಡಿ.

ಉತ್ತರ: ಇರ್ವಿಂಗ್_ಹುಡುಗ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನಾನು ಟೆಕ್ಸಾಸಿನಲ್ಲಿ ಎಚ್-1ಬಿ ವೀಸಾದ ಮೇಲಿದ್ದೇನೆ. ನನಗೂ ಈ ಪರವಾನಗಿ ಸಿಗಬಹುದೇ?

ಉತ್ತರ: ಹಳೆಯ_ಉಕ್ಕು

ವಲಸೆಯಲ್ಲದ ವೀಸಾದ ಮೇಲಿರುವವರು ಗುಂಡಾಯುಧ ಇಟ್ಟುಕೊಳ್ಳುವುದನ್ನು ಇಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಮುಂತಾದ ಕೆಲವು ವಿನಾಯಿತಿಗಳಿದ್ದರೂ, ನಿಮ್ಮ ವೀಸಾವನ್ನೇ ಪಣಕ್ಕಿಡುವ ವಿಷಯವಾದ್ದರಿಂದ ವಕೀಲರನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಗ್ರೀನ್ ಕಾರ್ಡ್ ಬರುವವರೆಗೆ ಪುಸ್ತಕ ಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ನಮ್ಮವರಿಗೆ ಗ್ರೀನ್ ಕಾರ್ಡ್ ಬರುವಷ್ಟರಲ್ಲಿ ಈ ಪುಸ್ತಕಗಳೆಲ್ಲ ಕಂಠಪಾಠವಾಗಿರುತ್ತವೆ.

ಉತ್ತರ: ನೆಕ್ಕರ್_ದಂಡೆ

ಮೇಲಿನ ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ. ಪಿಸ್ತೂಲಿನ ರೋಗನಿದಾನದ ಬಗ್ಗೆ ನನ್ನ ತಕರಾರಿಲ್ಲ, ಪುಸ್ತಕದ ಆಯ್ಕೆಯ ಬಗ್ಗೆ ಇದೆ.

ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ವಾಸಿಸುತ್ತೇನೆ. ನನ್ನ ಬಳಿ ಪಿಸ್ತೂಲಿಲ್ಲ, ಪುಸ್ತಕ ಮತ್ತು ಹಳೆಯ ಕಾಗದಗಳಷ್ಟೇ ಇವೆ. ಇಲ್ಲಿ ಸಂಗ್ರಾಹಕನಿಗೆ ಕೊಡುವ ಕೆಂಪು ಬಣ್ಣದ ಪರವಾನಗಿ ಬೇರೆಯೇ ಇದೆ. ಅದನ್ನು ಪಡೆಯಲು ಮನಬಂದದ್ದನ್ನೆಲ್ಲ ಕೂಡಿಡುತ್ತೇನೆ ಎಂದರೆ ಆಗುವುದಿಲ್ಲ, ಸಾಂಸ್ಕೃತಿಕ-ಐತಿಹಾಸಿಕ ಮಹತ್ವವುಳ್ಳ ಒಂದು ನಿರ್ದಿಷ್ಟ ವಿಷಯವನ್ನು ಗೆರೆ ಎಳೆದು ಗೊತ್ತುಪಡಿಸಿಕೊಂಡು, ಆ ವಿಷಯದಲ್ಲಿ ತನಗೆ ತಿಳಿವಳಿಕೆಯಿದೆ ಎಂದು ಅಧಿಕಾರಿಗಳಿಗೆ ಮನವರಿಕೆ ಮಾಡಿಕೊಡಬೇಕು. ಅಂದರೆ ಇಲ್ಲಿ ಪುಸ್ತಕ ಮೊದಲು, ಪಿಸ್ತೂಲು ಆಮೇಲೆ. ನನಗೆ ಪರಿಚಯವಿರುವ ಒಬ್ಬ ವೃದ್ಧ ಸಂಗ್ರಾಹಕರ ಮನೆಯಲ್ಲಿ ಪಿಸ್ತೂಲುಗಳು ಒಂದು ಉಕ್ಕಿನ ಬೀರುವಿನಲ್ಲಿ ಮುಗಿದುಹೋಗುತ್ತವೆ. ಪುಸ್ತಕಗಳು ಹಜಾರದಿಂದ ಮಲಗುವ ಕೋಣೆಯವರೆಗೆ ಹಬ್ಬಿವೆ.

ನನ್ನ ತಕರಾರು ಇಷ್ಟೇ. ಅಮೆರಿಕದ ಹಳೆಯ ಕೈಪಿಡಿಗಳು ಸಂಗ್ರಾಹಕರ ಬಾಯಿಂದ ಬಂದ ಹೆಸರುಗಳನ್ನೂ ಊಹೆಗಳನ್ನೂ ಒಂದರಿಂದ ಇನ್ನೊಂದಕ್ಕೆ ದಾಟಿಸಿಕೊಂಡು ಬಂದಿವೆ. ‘ಬ್ಲ್ಯಾಕ್ ವಿಡೋ’ ಎಂಬ ಹೆಸರನ್ನೇ ನೋಡಿ. 1941-42ರ, ಕಪ್ಪು ಬೇಕಲೈಟ್ (ಗಟ್ಟಿ ಪ್ಲಾಸ್ಟಿಕ್) ಗ್ರಿಪ್ಪಿನ ‘ಬಿವೈಎಫ್’ ಲೂಗರಿಗೆ ಯುದ್ಧ ಮುಗಿದ ಮೇಲೆ ಅಮೆರಿಕದ ವ್ಯಾಪಾರ ವಲಯದಲ್ಲಿ ಅಂಟಿಕೊಂಡ ಹೆಸರು ಅದು, ಜರ್ಮನ್ ಸೈನಿಕರು ಅದನ್ನು ಕೇಳಿಯೂ ಇರಲಿಲ್ಲ. ‘ಲೂಗರ್’ ಎಂಬುದೂ ಇಲ್ಲಿನ ಸೇನೆಯ ಪದವಲ್ಲ. ಸೇನೆಗೆ ಅದು ‘ಪಿಸ್ಟೋಲೆ 08’, ತಯಾರಕರಿಗೆ ‘ಪ್ಯಾರಾಬೆಲ್ಲಮ್’. ಜರ್ಮನ್ ದಾಖಲೆಗಳ ಸೂಚಿಯಲ್ಲಿ ‘ಲೂಗರ್’ ಎಂದು ಹುಡುಕುವವನು ಬರಿಗೈಯಲ್ಲಿ ಮರಳುತ್ತಾನೆ.

ಈ ಕಾರಣದಿಂದ ಯೋಆಖಿಮ್ ಗೋರ್ಟ್ಸ್ ಅವರ ಕೆಲಸ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಅವರು ಡಾನ್ ಬ್ರಯನ್ಸ್ ಅವರೊಂದಿಗೆ ಬರೆದ ‘ಜರ್ಮನ್ ಸ್ಮಾಲ್ ಆರ್ಮ್ಸ್ ಮಾರ್ಕಿಂಗ್ಸ್’ ಎಂಬ ಪುಸ್ತಕ ಪಿಸ್ತೂಲುಗಳಿಂದ ಹೊರಡುವುದಿಲ್ಲ, ಮುದ್ರೆಯನ್ನು ಎಲ್ಲಿ ಹೇಗೆ ಒತ್ತಬೇಕೆಂದು ಸೇನೆಯೇ ಹೊರಡಿಸಿದ ನಿಯಮಾವಳಿಗಳಿಂದ ಹೊರಡುತ್ತದೆ. ಗ್ರಿಪ್ಪಿನ ಮುಂಪಟ್ಟಿಯ ಮೇಲೆ ‘83.ಆರ್.9.21.’ ಎಂಬಂಥ ಸಾಲೊಂದು ಕಂಡರೆ ಅದು 83ನೆಯ ಪದಾತಿ ರೆಜಿಮೆಂಟು, 9ನೆಯ ಕಂಪನಿ, 21ನೆಯ ಆಯುಧ ಎಂದು ಓದಿಕೊಳ್ಳುವ ಕೀಲಿಕೈ ನಿಮಗೆ ಅಲ್ಲಿ ಸಿಗುತ್ತದೆ. ಅದೇ ರೀತಿ ಚೇಂಬರಿನ ಮೇಲೆ 1917 ಮತ್ತು 1920 ಎಂಬ ಎರಡು ಇಸವಿಗಳಿರುವ ಪಿಸ್ತೂಲನ್ನು ಕಂಡು ಹೊಸಬರು 1920ರಲ್ಲಿ ರಿಪೇರಿಯಾಗಿದೆ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಸೋಲಿನ ನಂತರದ ಗಣತಂತ್ರ ಸರ್ಕಾರ, ಈ ಆಯುಧ ಸರ್ಕಾರದ ಸೊತ್ತು, ಖಾಸಗಿಯದಲ್ಲ, ಎಂದು ಗುರುತಿಸಲು ಒತ್ತಿದ ಮುದ್ರೆ. ಗೋರ್ಟ್ಸ್ ಮತ್ತು ಜೆಫ್ರಿ ಸ್ಟರ್ಜೆಸ್ ಸೇರಿ ಬರೆದ ‘ದಿ ಬೋರ್ಕಾರ್ಟ್ ಅಂಡ್ ಲೂಗರ್ ಆಟೊಮ್ಯಾಟಿಕ್ ಪಿಸ್ಟಲ್ಸ್’ ಮೂರು ಸಂಪುಟಗಳದ್ದು, ಬೆಲೆ ಹೆಚ್ಚು, ತೂಕ ಇನ್ನೂ ಹೆಚ್ಚು. ಆದರೆ ಹ್ಯೂಗೋ ಬೋರ್ಕಾರ್ಟ್ ಅವರ 1893ರ ಪಿಸ್ತೂಲಿನಿಂದ ಹಿಡಿದು, 1900ರಲ್ಲಿ ಸ್ವಿಸ್ ಸೇನೆ, 1904ರಲ್ಲಿ ಜರ್ಮನ್ ನೌಕಾಪಡೆ, 1908ರಲ್ಲಿ ಭೂಸೇನೆ ಇದನ್ನು ಒಪ್ಪಿಕೊಂಡ ಬಗೆಯನ್ನು ಮೂಲ ಕಾಗದಗಳ ಆಧಾರದ ಮೇಲೆ ಕಟ್ಟಿಕೊಡುತ್ತದೆ. ತಪ್ಪನ್ನು ಕಲಿತು ಮರೆಯುವುದಕ್ಕಿಂತ ಸರಿಯಾದದ್ದನ್ನು ತಡವಾಗಿ ಕಲಿಯುವುದು ಮೇಲು ಎಂದು ನಾನು ನಂಬಿದವನು.

ಎಂದಾದರೂ ಈ ಕಡೆ ಬಂದರೆ ಒಬೆರ್ನ್‌ಡಾರ್ಫಿನ ಆಯುಧ ವಸ್ತುಸಂಗ್ರಹಾಲಯವನ್ನು ನೋಡಿ. ಗಾಜಿನಾಚೆಯ ಹೊಂಬಣ್ಣದ ಟ್ರಿಗರೊಂದನ್ನು ಐದು ನಿಮಿಷ ನಿಂತು ನೋಡಿದವನಿಗೆ ಯಾವ ಪುಸ್ತಕದ ಬಣ್ಣದ ಚಿತ್ರವೂ ಸಾಲದು.

ಉತ್ತರ: ಹಳೆಯ_ಉಕ್ಕು

ಗೋರ್ಟ್ಸ್ ಅವರ ಪಾಂಡಿತ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಗನ್ ಶೋದ ಮೇಜಿನ ಮುಂದೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಮಾರುವವನು ‘ಇನ್ನೊಬ್ಬರು ಕೇಳಿಹೋಗಿದ್ದಾರೆ’ ಎಂದು ಅವಸರಿಸುತ್ತಿರುವಾಗ ನೆನಪಿಗೆ ಬರಬೇಕಾದದ್ದು ಸ್ವಿಸ್ ಸೇನೆಯ ಪತ್ರವ್ಯವಹಾರವಲ್ಲ, ಟ್ರಿಗರಿನ ಬಣ್ಣ. ಹೊಸಬರು ಮೂರು ಸಂಪುಟಗಳ ಮುಂದೆ ಕುಳಿತರೆ ಮೊದಲ ಸಂಪುಟದಲ್ಲೇ ನಿದ್ದೆ ಬರುತ್ತದೆ. ನಾನು ನೋಡಿದವರಲ್ಲಿ ಹಲವರು ದೊಡ್ಡ ಗ್ರಂಥವನ್ನು ಕೊಂಡು ಕಪಾಟಿನಲ್ಲಿ ಪೂಜೆಗಿಟ್ಟಿದ್ದಾರೆ.

ಇಬ್ಬರ ಜಗಳಕ್ಕೂ ಮದ್ದೊಂದಿದೆ. ಅಮೆರಿಕದಲ್ಲಿ ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಇಂಟರ್‌ಲೈಬ್ರರಿ ಲೋನ್ ಕೇಳಿ. ಇನ್ನಾವುದೋ ರಾಜ್ಯದ ಗ್ರಂಥಾಲಯದಿಂದ ತರಿಸಿಕೊಡುತ್ತಾರೆ, ಎಷ್ಟೋ ಕಡೆ ಬಿಡಿಗಾಸೂ ಕೇಳುವುದಿಲ್ಲ. ಮುದ್ರಣ ನಿಂತ ಪುಸ್ತಕಗಳನ್ನು ನಾನು ಓದಿದ್ದು ಹೀಗೆಯೇ. ಓದಿ ನೋಡಿ, ಮತ್ತೆ ಮತ್ತೆ ಬೇಕೆನಿಸಿದ್ದನ್ನು ಮಾತ್ರ ಕೊಳ್ಳಿ.

ಉತ್ತರ: ಕಕ್ಕಬ್ಬೆ_ಕಾಫಿ

ನಾನು ಕೊಡಗಿನಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಮಾಡುವ ಮನೆತನದ ಕೋವಿ ಇದೆ. ಆದರೆ ಸೇನೆಯ ಪಿಸ್ತೂಲಿನ ಸಂಗ್ರಹ ಎಂಬುದು ಭಾರತದಲ್ಲಿ ಬೇರೆಯೇ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದ ಮೇಲೆ ಒಬ್ಬ ಪರವಾನಗಿದಾರನ ಹೆಸರಿನಲ್ಲಿ ಇಟ್ಟುಕೊಳ್ಳಬಹುದಾದ ಗುಂಡಾಯುಧಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಎರಡರಲ್ಲಿ ಸಂಗ್ರಹ ಮಾಡುವುದೇನು ಬಂತು? ಹಾಗಾಗಿ ಇಲ್ಲಿ ಉಳಿದಿರುವುದು ಪುಸ್ತಕ, ಹೋಲ್‌ಸ್ಟರು, ಲ್ಯಾನ್ಯಾರ್ಡು (ಪಿಸ್ತೂಲಿಗೆ ಕಟ್ಟುವ ಹುರಿ), ಹಳೆಯ ಫೋಟೋ ಇಷ್ಟೇ.

ಆದರೂ ಒಂದು ಮಾತು ಸೇರಿಸುವ ಆಸೆ. ನನ್ನ ಅಜ್ಜ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದರು. ಅವರ ಪೆಟ್ಟಿಗೆಯಲ್ಲಿ ಉಳಿದದ್ದು ಬ್ರಿಟಿಷ್ ಸೇನೆಯ ವೆಬ್ಲಿ ರಿವಾಲ್ವರಿನ ಖಾಲಿ ಚರ್ಮದ ಚೀಲ ಮಾತ್ರ. ಅದರ ಒಳಮಡಿಕೆಯಲ್ಲಿ ಬ್ರಿಟಿಷ್ ಸರ್ಕಾರದ ಸೊತ್ತನ್ನು ಸೂಚಿಸುವ ಬಾಣದ ಗುರುತು ಮಾಸಲಾಗಿ ಕಾಣುತ್ತದೆ. ಆ ಗುರುತಿನ ಜಾಡು ಹಿಡಿದೇ ನಾನು ಈ ಓದಿಗೆ ಬಿದ್ದೆ. ಎರಡು ಬಾಣಗಳು ತುದಿಗೆ ತುದಿ ತಾಗಿಸಿ ಎದುರುಬದುರಾಗಿದ್ದರೆ ಆ ವಸ್ತುವನ್ನು ಸೇವೆಯಿಂದ ಹೊರಹಾಕಿ ಮಾರಲಾಗಿದೆ ಎಂದರ್ಥ. ಹೆಸರಿನ ವಿಷಯ ಬಂದದ್ದರಿಂದ ಹೇಳುತ್ತೇನೆ: ಬ್ರಿಟಿಷ್ ಸೇನೆಯ ಕಾಗದಪತ್ರಗಳಲ್ಲಿ ರಿವಾಲ್ವರಿಗೂ ‘ಪಿಸ್ಟಲ್, ರಿವಾಲ್ವರ್’ ಎಂದೇ ಬರೆಯುತ್ತಿದ್ದರು, ಆದ್ದರಿಂದ ಪಿಸ್ತೂಲಿನ ಕೈಪಿಡಿಗಳಲ್ಲಿ ನಮ್ಮ ವೆಬ್ಲಿಗೂ ಜಾಗವುಂಟು.

ಓಹಾಯೋದ ಅಣ್ಣನವರು ಮುಂದೆಂದಾದರೂ 1915ರಲ್ಲಿ ಬಂದ ವೆಬ್ಲಿ ಮಾರ್ಕ್ 6ನ್ನು ಕೊಳ್ಳುವ ಮನಸ್ಸು ಮಾಡಿದರೆ, ಸಿಲಿಂಡರಿನ ಹಿಂಬದಿಯನ್ನು ಮೊದಲು ನೋಡಬೇಕು. ಅದರ ಮೂಲ .455 ಗುಂಡು ಅಮೆರಿಕದಲ್ಲಿ ಸುಲಭವಾಗಿ ಸಿಗದಿದ್ದ ಕಾರಣ, ಅಲ್ಲಿಗೆ ಹೋದ ಬಹಳಷ್ಟು ವೆಬ್ಲಿಗಳ ಸಿಲಿಂಡರನ್ನು ಹಿಂಬದಿಯಲ್ಲಿ ತರಿದು .45 ಆಟೊಮ್ಯಾಟಿಕ್ ಗುಂಡು ಹಿಡಿಯುವಂತೆ ಮಾಡಿದ್ದಾರೆ. ಅದರಿಂದ ಸಂಗ್ರಹದ ಬೆಲೆ ಹೋಗುವುದು ಒಂದು ನಷ್ಟ, ಅದಕ್ಕಿಂತ ದೊಡ್ಡದು ಪ್ರಾಣಾಪಾಯ, ಏಕೆಂದರೆ .45ರ ಒತ್ತಡ ಮೂಲ ಗುಂಡಿಗಿಂತ ಬಹಳ ಹೆಚ್ಚು. ಅಂಥ ರಿವಾಲ್ವರನ್ನು ಗೋಡೆಗೆ ತೂಗುಹಾಕುವುದೇ ಲೇಸು.

ಮೂಲ ಪ್ರಶ್ನೆ ಕೇಳಿದವರು: ತುಂಗಾತೀರ_ಓಹಾಯೋ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಭಾನುವಾರ ಹೆಂಡತಿ ಮಕ್ಕಳು ದೇವಸ್ಥಾನಕ್ಕೆ ಹೋಗಿದ್ದಾಗ ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ, ಚೇಂಬರ್ ಖಾಲಿಯಿದೆಯೆಂದು ಮೂರು ಬಾರಿ ನೋಡಿ, ಪಿಸ್ತೂಲನ್ನು ಬಿಚ್ಚಿದೆ.

ಗ್ರಿಪ್ಪಿನ ಕೆಳಗೆ ಬಿಳಿ ಉಕ್ಕಿನ ಒಂದು ಚುಕ್ಕೆಯೂ ಇಲ್ಲ, ಎಲ್ಲವೂ ಹೊರಗಿನಷ್ಟೇ ಕಪ್ಪು. ತುಕ್ಕಿನಿಂದ ಕೊರೆದುಹೋದ ಸಣ್ಣ ಗುಳಿಗಳಿವೆ, ಗುಳಿಗಳ ಒಳಗೂ ಅದೇ ಕಪ್ಪು ಹೊಕ್ಕಿದೆ. ಅಂದರೆ ಮೊದಲು ತುಕ್ಕು, ಆಮೇಲೆ ಬಣ್ಣ. ಫೈರಿಂಗ್ ಪಿನ್ನಿನ ಮೇಲೆ 47 ಇಲ್ಲ, 12 ಇದೆ. ಪಕ್ಕದ ತಗಡಿನ 47ನ್ನು ಭೂತಗನ್ನಡಿಯಲ್ಲಿ ನೋಡಿದರೆ, ಉಳಿದ ಭಾಗಗಳ 7ಕ್ಕೂ ಅದರ 7ಕ್ಕೂ ಹೋಲಿಕೆಯಿಲ್ಲ, ಸುತ್ತಲಿನ ಉಕ್ಕು ಬೆರಳಿಗೆ ಸಿಗುವಷ್ಟು ತಗ್ಗಾಗಿದೆ.

ಕೊನೆಗೆ, ನಳಿಗೆಯ ಅಡಿಯಲ್ಲಿ ಮೂತಿಯ ಹತ್ತಿರ ಇದ್ದ ಸಣ್ಣ ಗೀರುಗಳನ್ನು ನಾನು ಇದುವರೆಗೆ ಹೋಲ್‌ಸ್ಟರಿನಲ್ಲಿ ಉಜ್ಜಿದ ಗುರುತು ಎಂದುಕೊಂಡಿದ್ದೆ. ಟಾರ್ಚನ್ನು ಓರೆಯಾಗಿ ಹಿಡಿದಾಗ ಅವು ಅಕ್ಷರಗಳಾದವು: ಆಮದುದಾರ ಕಂಪನಿಯೊಂದರ ಹೆಸರು, ಊರು. ಇದರ ಅರ್ಥವೇನು? 1945ರಲ್ಲಿ ಸೈನಿಕ ತಂದ ಪಿಸ್ತೂಲಿನ ಮೇಲೆ ಆಮದುದಾರನ ಹೆಸರೇಕೆ?

ಉತ್ತರ: ಹಳೆಯ_ಉಕ್ಕು

ಸರ್, ಆ ಕಥೆ ಅಲ್ಲಿಗೆ ಮುಗಿಯಿತು. ಆಮದಾದ ಪಿಸ್ತೂಲಿನ ಮೇಲೆ ಆಮದುದಾರನ ಹೆಸರು ಒತ್ತಬೇಕೆಂಬುದು 1968ರ ಗನ್ ಕಂಟ್ರೋಲ್ ಆಕ್ಟಿನಿಂದ ಬಂದ ನಿಯಮ. ಸೈನಿಕ ತನ್ನ ಚೀಲದಲ್ಲಿ ತಂದದ್ದಕ್ಕೆ ಅದನ್ನು ಯಾರೂ ಒತ್ತುವುದಿಲ್ಲ. ನೀವು ಹೇಳುವ ಲಕ್ಷಣಗಳನ್ನೆಲ್ಲ ಕೂಡಿಸಿದರೆ, ಇದು ಎರಡನೆಯ ಮಹಾಯುದ್ಧದ ಪೂರ್ವ ರಣರಂಗದಲ್ಲಿ ಸೋವಿಯತ್ ಸೇನೆ ವಶಪಡಿಸಿಕೊಂಡ ಪಿಸ್ತೂಲಾಗಿರುವ ಸಾಧ್ಯತೆ ಹೆಚ್ಚು. ಅವರು ಇವುಗಳನ್ನು ರಾಶಿ ರಾಶಿಯಾಗಿ ಬಿಚ್ಚಿ, ಭಾಗಗಳನ್ನು ಬೆರೆಸಿ ಜೋಡಿಸಿ, ತೊಟ್ಟಿಯಲ್ಲಿ ಅದ್ದಿ ಉಗ್ರಾಣದಲ್ಲಿಟ್ಟಿದ್ದರು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅವು ಅಮೆರಿಕದ ಮಾರುಕಟ್ಟೆಗೆ ಬಂದವು. ಎಡಬದಿಯಲ್ಲಿ ಇಂಟು ಗುರುತಿನಂಥ ಅಚ್ಚೇನಾದರೂ ಇದೆಯೇ ನೋಡಿ. ಪಕ್ಕದ ತಗಡಿನ 47 ಮಾತ್ರ ರಷ್ಯನ್ನರ ಕೆಲಸವೆಂದು ನನಗನ್ನಿಸುವುದಿಲ್ಲ. ಅವರು ಹೊಂದದ ಭಾಗಕ್ಕೆ ಸಾಮಾನ್ಯವಾಗಿ ವಿದ್ಯುತ್ ಲೇಖನಿಯಿಂದ ಗೀಚುತ್ತಿದ್ದರು, ಮುಚ್ಚುಮರೆ ಮಾಡುತ್ತಿರಲಿಲ್ಲ. ಹಳೆಯ ಸಂಖ್ಯೆಯನ್ನು ಅರೆದು ಹೊಸದನ್ನು ಒತ್ತಿದವನು ಇಲ್ಲಿಯವನೇ, ಮಾರುವುದಕ್ಕಾಗಿಯೇ.

ಕಳಚಿದ ಭಾಗಗಳ ಚಿತ್ರ ತೆಗೆದು, ಸಂಖ್ಯೆಗಳನ್ನು ಬರೆದು, ಮಾರಿದವರಿಗೆ ಲಿಖಿತವಾಗಿ ಕಳಿಸಿ. ರಸೀತಿಯಲ್ಲಿ ‘ಆಲ್ ಮ್ಯಾಚಿಂಗ್’ ಎಂಬ ಮಾತಿದೆಯೇ?

ಮೂಲ ಪ್ರಶ್ನೆ ಕೇಳಿದವರು: ತುಂಗಾತೀರ_ಓಹಾಯೋ

ರಸೀತಿಯಲ್ಲಿ ‘ಜರ್ಮನ್ ಪಿಸ್ತೂಲು, 9 ಎಂಎಂ, ಒಂದು’ ಎಂದಷ್ಟೇ ಇದೆ. ಇಂಟು ಗುರುತು ಇದೆ, ಅದನ್ನು ನಾನು ಯಾವುದೋ ಅಧಿಕಾರಿಯ ಮುದ್ರೆ ಎಂದುಕೊಂಡಿದ್ದೆ. ಪತ್ರ ಬರೆಯುತ್ತೇನೆ, ಹಣ ಬರುವ ಭರವಸೆಯೇನೂ ಇಲ್ಲ.

ಈ ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಿ ‘ಆಕ್ಸಿಸ್ ಪಿಸ್ಟಲ್ಸ್’ ಮತ್ತು ಗೋರ್ಟ್ಸ್-ಬ್ರಯನ್ಸ್ ಅವರ ಮುದ್ರೆಗಳ ಪುಸ್ತಕ ಎರಡಕ್ಕೂ ಅರ್ಜಿ ಕೊಟ್ಟು ಬಂದೆ. ಮೂರು ವಾರವಾಗಬಹುದು ಎಂದಿದ್ದಾರೆ. ಸೋವಿಯತ್ ಉಗ್ರಾಣದಿಂದ ಬಂದ ಪಿ.08 ಮತ್ತು ಪಿ.38ಗಳನ್ನೇ ಪ್ರತ್ಯೇಕವಾಗಿ ಸಂಗ್ರಹಿಸುವವರು ಯಾರಾದರೂ ಇದ್ದಾರೆಯೇ? ಬೇರೆಯವರು ಬೇಡವೆನ್ನುವುದರಿಂದ ಅವು ಅಗ್ಗವಾಗಿಯೂ ಸಿಗುತ್ತವಂತೆ. ಒಂದು ಆಗಲೇ ನನ್ನ ಬಳಿ ಇದೆ.